ಬಲವಂತದ ತುತ್ತು ಪ್ರಸಾದವಲ್ಲ

ಉಣಿಸಿ ಸಂತೋಷಪಡುವ ನಾಡು ನಮ್ಮದು. ಬಂದವರು ಬರಿಹೊಟ್ಟೆಯಲ್ಲಿ ಹೋದರೆ ಆ ಮನೆಯ ತಾಯಿಗೆ ರಾತ್ರಿ ನಿದ್ರೆ ಬಾರದು. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುವ ಪ್ರೀತಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಇದು ನಿಂದಿಸತಕ್ಕ ಗುಣವಲ್ಲ. ಆದರೆ ಉಣ್ಣುವವನ ದೇಹಸ್ಥಿತಿಯನ್ನು ಅರಿಯದೆ ಮಾಡುವ ಉಪಚಾರವು ಅಪಚಾರವಾಗುವ ಸಂದರ್ಭಗಳೂ ಉಂಟು. ಅನ್ನನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದವರ ಊಟದ ವಿಚಾರ ಅಂಥದು. ಅದನ್ನು ಕುರಿತು ಇಂದು ಸದ್ಭಕ್ತರೊಡನೆ ನಾಲ್ಕು ಮಾತು ಆಡಬೇಕೆನಿಸಿದೆ.

ಧರ್ಮದ ಅಂಕಣದಲ್ಲಿ ಕರುಳು-ಜಠರಗಳ ಮಾತೇಕೆ ಎಂದು ಕೆಲವರು ಕೇಳಿಯಾರು. ಕಾರಣವಿದೆ. ವೈದ್ಯರು ಹೇಳಿದ ಪಥ್ಯಕ್ಕೂ ಮನೆಯ ಹಿರಿಯರು ನಂಬಿದ ಆಚಾರಕ್ಕೂ ತಿಕ್ಕಾಟ ಬಂದಾಗ ಜನ ಮಠಕ್ಕೆ ಬರುತ್ತಾರೆ. ತಟ್ಟೆಯಲ್ಲಿ ಪ್ರಸಾದ ಬಿಟ್ಟರೆ ದೋಷವೇ? ಪೂಜೆ ಮುಗಿಯುವವರೆಗೆ ಕಾಯಲೇಬೇಕೇ? ಶ್ರಾವಣ ಸೋಮವಾರದ ಒಪ್ಪತ್ತನ್ನು ಬಿಡಬಹುದೇ? ಇವುಗಳಿಗೆ ಉತ್ತರ ಹೇಳಬೇಕಾದವರು ವೈದ್ಯರಲ್ಲ, ನಾವು. ನಾವು ಸುಮ್ಮನಿದ್ದರೆ ರೋಗಿಯು ಮನೆಯವರ ಪ್ರೀತಿ ಮತ್ತು ಭಯ ಇವೆರಡರ ನಡುವೆ ಸಿಕ್ಕಿ ಸೊರಗುತ್ತಾನೆ.

ಮೊದಲು ಆ ದೇಹದೊಳಗೆ ನಡೆದದ್ದೇನು ಎಂಬುದನ್ನು ತಿಳಿಯಬೇಕು. ಗಂಟಲಿನಿಂದ ಜಠರದವರೆಗೆ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆಯೇ ಅನ್ನನಾಳ. ಅದರಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಾಗ ಗಡ್ಡೆಯೊಂದನ್ನೇ ಕೆತ್ತಿ ತೆಗೆದರೆ ಸಾಲದು. ಸಾಮಾನ್ಯವಾಗಿ ನಾಳದ ಬಹುಭಾಗವನ್ನೂ ಜಠರದ ಮೇಲಿನ ಸ್ವಲ್ಪ ಭಾಗವನ್ನೂ ತೆಗೆಯುತ್ತಾರೆ. ಉಳಿದ ಜಠರವನ್ನು ಕೊಳವೆಯ ಆಕಾರಕ್ಕೆ ಹೊಲಿದು, ಎದೆಯೊಳಗೆ ಮೇಲಕ್ಕೆಳೆದು, ನಾಳದ ಉಳಿದ ತುದಿಗೆ ಎದೆಯಲ್ಲೋ ಕುತ್ತಿಗೆಯಲ್ಲೋ ಜೋಡಿಸುತ್ತಾರೆ. ಉಂಡದ್ದು ಹಿಂದಕ್ಕೆ ಬಾರದಂತೆ ತಡೆಯುತ್ತಿದ್ದ ಬಿಗಿಬಾಯಿ ಅದರೊಂದಿಗೆ ಹೋಗುತ್ತದೆ. ಜಠರದ ಚಲನೆಯನ್ನು ನಡೆಸುವ ವೇಗಸ್ ನರಗಳೂ ಕತ್ತರಿಸಿಹೋಗುತ್ತವೆ. ಕೆರೆಯಾಗಿದ್ದದ್ದು ಕಾಲುವೆಯಾಯಿತು ಎಂದರೆ ನಮ್ಮ ರೈತ ಭಕ್ತರಿಗೆ ಕೂಡಲೇ ಅರ್ಥವಾದೀತು. ಕೆರೆಯು ಬಂದ ನೀರನ್ನೆಲ್ಲ ಹಿಡಿದಿಟ್ಟು ತೂಬಿನಿಂದ ಬೇಕಾದಷ್ಟನ್ನೇ ಬಿಡುತ್ತದೆ. ಕಾಲುವೆಗೆ ಹಿಡಿದಿಡುವ ಶಕ್ತಿ ಇಲ್ಲ. ಹೆಚ್ಚು ನೀರು ಬಿಟ್ಟರೆ ಒಂದೋ ಮುಂದಕ್ಕೆ ಧುಮ್ಮಿಕ್ಕುತ್ತದೆ, ಇಲ್ಲವೇ ಹಿಂದಕ್ಕೆ ಉಕ್ಕುತ್ತದೆ.

ಈ ಶಸ್ತ್ರಚಿಕಿತ್ಸೆಯ ಹಿಂದೆ ನೂರು ವರ್ಷಕ್ಕೂ ಮೀರಿದ ತಪಸ್ಸಿದೆ. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಎಂಬ ವೈದ್ಯರು 67 ವರ್ಷದ ಹೆಣ್ಣುಮಗಳೊಬ್ಬಳ ಎದೆಯೊಳಗಿನ ಅನ್ನನಾಳವನ್ನು ತೆಗೆದು ಆಕೆಯನ್ನು ಬದುಕಿಸಿದರು. ಆಗ ಜಠರವನ್ನು ಮೇಲಕ್ಕೆ ತಂದು ಜೋಡಿಸುವ ವಿದ್ಯೆ ಕೈಗೂಡಿರಲಿಲ್ಲ. ಕುತ್ತಿಗೆಯಲ್ಲೊಂದು ರಂಧ್ರ, ಹೊಟ್ಟೆಯಲ್ಲೊಂದು ರಂಧ್ರ, ನಡುವೆ ಮೈಯ ಹೊರಗೆ ಒಂದು ರಬ್ಬರ್ ಕೊಳವೆ. ಆಕೆ ಆ ಕೊಳವೆಯ ಮೂಲಕವೇ ಉಂಡು ಹತ್ತು ವರ್ಷಕ್ಕೂ ಮೀರಿ ಬಾಳಿದಳು. 1946ರಲ್ಲಿ ಐವರ್ ಲೂಯಿಸ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಪ್ರಕಟಿಸಿದ ಕ್ರಮ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಈಗ ದೂರದ ದೇಶಕ್ಕೆ ಹೋಗಬೇಕಾಗಿಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮೊದಲ್ಗೊಂಡು ನಮ್ಮಲ್ಲೇ ಕ್ಯಾನ್ಸರ್ ಆಸ್ಪತ್ರೆಗಳಿವೆ. ವೈದ್ಯರು ಇಷ್ಟು ಶ್ರಮದಿಂದ ಉಳಿಸಿಕೊಟ್ಟ ಜೀವವನ್ನು ನಾವು ಊಟದ ಮನೆಯಲ್ಲಿ ಕಾಡಬಾರದಷ್ಟೆ.

ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ಬಾಯಿಗೆ ಏನನ್ನೂ ಕೊಡದೆ, ಅನೇಕರಿಗೆ ಸಣ್ಣ ಕರುಳಿಗೆ ಇಳಿಬಿಟ್ಟ ನಳಿಕೆಯ ಮೂಲಕ ದ್ರವಾಹಾರ ಕೊಡುತ್ತಾರೆ. ಹೊಲಿಗೆ ಕೂಡಿದೆಯೆಂದು ಖಾತ್ರಿಯಾದ ಮೇಲೆ ಗುಟುಕು ನೀರು, ಆಮೇಲೆ ತಿಳಿಗಂಜಿ, ಬಳಿಕ ಮೆತ್ತಗಿನ ಅನ್ನ, ಹೀಗೆ ವಾರಗಟ್ಟಲೆ ಮೆಟ್ಟಿಲು ಹತ್ತಬೇಕು. ಕೆಲವರನ್ನು ನಳಿಕೆಯೊಂದಿಗೇ ಮನೆಗೆ ಕಳಿಸುತ್ತಾರೆ. ನಳಿಕೆ ಕಂಡು ಮನೆಯವರು ಹೆದರಬೇಕಾಗಿಲ್ಲ. ಬಾಯಿಯ ಊಟ ಸಾಲದಿದ್ದ ಕಾಲಕ್ಕೆ ಅದೇ ಆಸರೆ.

ಮನೆಗೆ ಬಂದ ಮೇಲೆಯೇ ನಿಜವಾದ ಪರೀಕ್ಷೆ. ಮೂರು ಹೊತ್ತಿನ ಊಟ ಎಂಬುದನ್ನು ಮರೆಯಬೇಕು. ದಿನಕ್ಕೆ ಆರು, ಏಳು, ಎಂಟು ಸಲ, ಸಲಕ್ಕೆ ಒಂದು ಸಣ್ಣ ಬಟ್ಟಲಿನಷ್ಟು ಮಾತ್ರ. ಚೆನ್ನಾಗಿ ಅಗಿದು, ನಿಧಾನವಾಗಿ, ನೆಟ್ಟಗೆ ಕುಳಿತು ಉಣ್ಣಬೇಕು. ಹಸಿವಾದಾಗ ಉಣ್ಣುತ್ತೇನೆ ಎಂದರೆ ನಡೆಯದು. ಈ ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಹಸಿವೆಂಬುದೇ ತಿಂಗಳುಗಟ್ಟಲೆ ತಿಳಿಯುವುದಿಲ್ಲ. ಗಡಿಯಾರವೇ ಅವರ ಹಸಿವು. ನೀರನ್ನು ಊಟದ ಜೊತೆ ಕುಡಿಯದೆ ಅರ್ಧ ಗಂಟೆ ಮೊದಲೋ ಅರ್ಧ ಗಂಟೆ ನಂತರವೋ ಕುಡಿಯಬೇಕು. ಮೊದಲ ತಿಂಗಳುಗಳಲ್ಲಿ ತೂಕ ಇಳಿಯುವುದು ಬಹಳ ಮಂದಿಗೆ ಆಗುವಂಥದೇ. ಬಂದವರೆಲ್ಲ "ಎಷ್ಟು ಸೊರಗೀರಿ!" ಎಂದು ಕಣ್ಣೀರು ತೆಗೆದರೆ ಆ ಕಣ್ಣೀರಿನಿಂದ ಒಂದು ತೊಲೆ ಮಾಂಸವೂ ಕೂಡುವುದಿಲ್ಲ. ಮೆತ್ತಗೆ ಬೇಯಿಸಿದ ಹೆಸರುಬೇಳೆ ಕಿಚಡಿಗೆ ಒಂದು ಚಮಚ ತುಪ್ಪ, ತೊಗರಿ ಕಟ್ಟಿನಲ್ಲಿ ನೆನೆಸಿದ ಬಿಸಿ ರೊಟ್ಟಿಯ ನಡುಭಾಗ, ಗಟ್ಟಿ ಮೊಸರು, ಮೆತ್ತನೆಯ ಇಡ್ಲಿ, ನುಣ್ಣಗೆ ರುಬ್ಬಿದ ಶೇಂಗಾ ಬೆರೆಸಿದ ಗಂಜಿ, ಇಂಥವು ಚಿಕ್ಕ ಬಟ್ಟಲಿನಲ್ಲಿ ಹೆಚ್ಚು ಬಲ ತುಂಬುತ್ತವೆ. ಹಾಲು ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ನೋಡಿಕೊಂಡು ಕೊಡಬೇಕು. ಖಡಕ್ ರೊಟ್ಟಿಯ ಆಸೆ ಸದ್ಯಕ್ಕೆ ಬೇಡ.

ಕಳೆದ ವರ್ಷ ನಮ್ಮ ಭಕ್ತರಾದ ನಿವೃತ್ತ ಶಿಕ್ಷಕರೊಬ್ಬರು ಶಸ್ತ್ರಚಿಕಿತ್ಸೆಯಾದ ಮೂರನೆಯ ತಿಂಗಳಲ್ಲಿ ಬೀಗರ ಮನೆಯ ಗೃಹಪ್ರವೇಶಕ್ಕೆ ಹೋದರು. ಬೇಡವೆಂದರೂ ಕೇಳದೆ ಎರಡು ಹೋಳಿಗೆ, ಮೇಲೊಂದು ಲೋಟ ಸಕ್ಕರೆ ಹಾಲು ಕೊಟ್ಟರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ತಲೆ ಸುತ್ತು. ಮನೆಯಲ್ಲಿ ಗದ್ದಲವೋ ಗದ್ದಲ. ಒಬ್ಬಾಕೆ ದೃಷ್ಟಿಯಾಯಿತೆಂದು ಉಪ್ಪು-ಮೆಣಸಿನಕಾಯಿ ನಿವಾಳಿಸಿದಳು. ಇನ್ನೊಬ್ಬರು ನಿತ್ರಾಣಕ್ಕೆ ಒಳ್ಳೆಯದೆಂದು ಬೆಲ್ಲದ ಪಾನಕ ಕುಡಿಸಿದರು. ಅದು ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತಾಯಿತು. ಪಾಪ, ಅದು ಯಾರ ದೃಷ್ಟಿಯೂ ಅಲ್ಲ. ಸಿಹಿಯೂ ದ್ರವವೂ ಒಟ್ಟಿಗೆ ಸಣ್ಣ ಕರುಳಿಗೆ ಧುಮುಕಿದಾಗ ಮೈಯ ನೀರು ಕರುಳಿನೊಳಗೆ ಹರಿದುಬರುತ್ತದೆ, ನಾಡಿ ಓಡುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಊಟವಾಗಿ ಒಂದರಿಂದ ಮೂರು ಗಂಟೆಯ ಮೇಲೆ ಇನ್ನೊಂದು ಬಗೆಯಲ್ಲಿ ಬರುತ್ತದೆ. ಸಿಹಿಗೆ ಎದುರಾಗಿ ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಇಳಿದು ಕೈಕಾಲು ನಡುಗುತ್ತವೆ. ಎರಡನ್ನೂ ತಡೆಯುವ ದಾರಿ ಸಿಹಿಯನ್ನು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವೇ ಉಂಡು, ದ್ರವವನ್ನು ಬೇರೆ ಇಡುವುದು. ಪದೇ ಪದೇ ನಡುಕ ಬಂದರೆ ವೈದ್ಯರಿಗೆ ಹೇಳಬೇಕು. ಆ ಶಿಕ್ಷಕರು ಅಂದಿನಿಂದ ಯಾರ ಮನೆಯ ಕಾರ್ಯಕ್ಕೂ ಹೋಗುತ್ತಿಲ್ಲ. ಪಥ್ಯಕ್ಕಿಂತ ನಮಗೆ ನೋವಾದದ್ದು ಇದು. ಒಂದು ಹೋಳಿಗೆಯ ಬಲವಂತದಿಂದ ಸಜ್ಜನರೊಬ್ಬರು ಸಮಾಜದಿಂದಲೇ ದೂರವಾದರು.

ಇನ್ನು ಆಚಾರದ ಪ್ರಶ್ನೆಗಳು. ಪ್ರಸಾದವನ್ನು ಅಷ್ಟಾವರಣಗಳಲ್ಲಿ ಒಂದೆಂದು ನಂಬಿದವರು ನಾವು. ಒಂದಗುಳನ್ನೂ ಚೆಲ್ಲದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಶಸ್ತ್ರಚಿಕಿತ್ಸೆಯಾದ ಭಕ್ತನಿಗೆ ಈ ನಿಯಮವೇ ಸಂಕಟ. ಬಡಿಸಿದವರು ಹೆಚ್ಚು ಬಡಿಸುತ್ತಾರೆ, ಬಿಟ್ಟರೆ ದೋಷವೆಂದು ಇವನು ಉಣ್ಣುತ್ತಾನೆ, ಮೇಲೆ ನೀರು ಕುಡಿಯುತ್ತಾನೆ, ರಾತ್ರಿಯೆಲ್ಲ ನರಳುತ್ತಾನೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಇಲ್ಲಿ ದೋಷವಿದ್ದರೆ ಅದು ಅಳತೆಯರಿಯದೆ ಬಡಿಸಿದ ಕೈಗೆ, ಉಳಿಸಿದ ಕೈಗಲ್ಲ. ಎರಡು ಚಮಚ ಬಡಿಸಿದರೆ ಉಳಿಯುವ ಪ್ರಶ್ನೆಯೇ ಬರುವುದಿಲ್ಲ. ಉಳಿದರೆ ಮುಚ್ಚಿಟ್ಟು ಎರಡು ಗಂಟೆಯ ಮೇಲೆ ಕೊಡಿ. ತಟ್ಟೆ ತೊಳೆದ ನೀರನ್ನು ಕೂಡಲೇ ಕುಡಿಯಬೇಕೆಂಬ ಕಟ್ಟು ರೋಗಿಗೆ ಇಲ್ಲ.

ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಅಲ್ಲಿಯ ಭಕ್ತಿಗೆ ಅವಧಾನ ಭಕ್ತಿಯೆಂದು ಹೆಸರು. ಪ್ರಸಾದಿಗೆ ಬೇಕಾದದ್ದು ಎಚ್ಚರ. ಏನನ್ನು ಸ್ವೀಕರಿಸುತ್ತಿದ್ದೇನೆ, ಎಷ್ಟನ್ನು, ಹೇಗೆ ಎಂಬ ಎಚ್ಚರ. ಒಂದು ತುತ್ತನ್ನು ಇಪ್ಪತ್ತು-ಮೂವತ್ತು ಸಲ ಅಗಿದು, ಅದು ಇಳಿಯಿತೇ ಎಂದು ನೋಡಿ, ಮುಂದಿನ ತುತ್ತಿಗೆ ಕೈಯಿಡುವ ಆ ರೋಗಿಯಲ್ಲಿ ಈ ಅವಧಾನ ನಮಗೆ ಕಾಣುತ್ತದೆ. ಹರಟುತ್ತ ನಾಲ್ಕು ರೊಟ್ಟಿ ನುಂಗಿ ಏಳುವ ನಮ್ಮಂಥ ಗಟ್ಟಿಮುಟ್ಟಿನವರಲ್ಲಿ ಅದು ಅಪರೂಪ.

ಬೆಳಗಿನ ಪೂಜೆಯ ವಿಷಯ. ಇಷ್ಟಲಿಂಗಪೂಜೆ ಮುಗಿಯದೆ ಬಾಯಿಗೆ ಏನೂ ಹಾಕಬಾರದೆಂದು ಗಂಟೆಗಟ್ಟಲೆ ಉಪವಾಸವಿರುವವರಿದ್ದಾರೆ. ಚೇತರಿಸಿಕೊಳ್ಳುವ ದೇಹಕ್ಕೆ ಒಂದು ಹೊತ್ತು ತಪ್ಪಿದರೆ ಅದನ್ನು ಮುಂದಿನ ಹೊತ್ತಿನಲ್ಲಿ ತುಂಬಿಕೊಳ್ಳುವ ಸ್ಥಳವೇ ಒಳಗೆ ಇಲ್ಲ. ಆದ್ದರಿಂದ ಪೂಜೆ ಚಿಕ್ಕದಾಗಲಿ, ಊಟ ತಡವಾಗದಿರಲಿ. ವಿಭೂತಿ ಧರಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಪಂಚಾಕ್ಷರಿಯನ್ನು ಕೆಲವು ಸಲ ಜಪಿಸಿದರೆ ಸಾಕು. ಒಪ್ಪತ್ತು, ಉಪವಾಸ, ಹರಕೆ ಇವೆಲ್ಲವನ್ನೂ ತೂಕ ನಿಲುಕಡೆಗೆ ಬರುವವರೆಗೆ ಬದಿಗಿಡಬೇಕು. ನಿಮ್ಮ ಗುರುಮನೆ ಬೇರೆಯಾಗಿದ್ದರೆ ಅಲ್ಲಿಯೂ ಕೇಳಿ. ಬೇರೆ ಮಾತು ಹೇಳುವ ಗುರುಗಳು ಇರಲಾರರೆಂದು ನಮ್ಮ ನಂಬಿಕೆ. ಮತ್ತೊಂದು ಮಾತು, ಉಂಡ ಕೂಡಲೇ ಬಗ್ಗಿ ಪಾದ ಮುಟ್ಟುವುದು, ಸಾಷ್ಟಾಂಗ ಹಾಕುವುದು ಬೇಡ. ಬಿಗಿಬಾಯಿ ಇಲ್ಲದ ಕೊಡದಂತೆ ಒಳಗಿದ್ದದ್ದು ಗಂಟಲಿಗೆ ಬರುತ್ತದೆ. ನಿಂತೇ ಕೈಮುಗಿಯಿರಿ, ನಾವು ಅದನ್ನೇ ದೊಡ್ಡ ನಮಸ್ಕಾರವೆಂದು ತಿಳಿಯುತ್ತೇವೆ.

ಇದೇ ಕಾರಣಕ್ಕೆ ರಾತ್ರಿ ಮಲಗುವ ಎರಡು-ಮೂರು ಗಂಟೆ ಮೊದಲೇ ಊಟ ಮುಗಿಯಬೇಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು. ಬರೀ ತಲೆಗೆ ಎರಡು ದಿಂಬು ಕೊಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಎದೆ ಏಳುವುದಿಲ್ಲ. ಚಪ್ಪಟೆಯಾಗಿ ಮಲಗಿದರೆ ಉಂಡದ್ದೂ ಪಿತ್ತವೂ ಹಿಂದಕ್ಕೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಅದರಿಂದ ನ್ಯುಮೋನಿಯಾ ಆಗುವ ಭಯವುಂಟು. ತುತ್ತು ಗಂಟಲಲ್ಲಿ ಅಥವಾ ಎದೆಯಲ್ಲಿ ನಿಲ್ಲತೊಡಗಿದರೆ ರೋಗ ಮರಳಿತೆಂದು ಕಂಗೆಡಬೇಡಿ. ಜೋಡಣೆಯಾದ ಜಾಗ ಗಾಯ ಮಾಯುವಾಗ ಕಿರಿದಾಗುವುದು ಅನೇಕರಲ್ಲಿ ಕಂಡುಬರುತ್ತದೆ, ಎಂಡೋಸ್ಕೋಪಿಯಲ್ಲಿ ಅದನ್ನು ಅಗಲಿಸುತ್ತಾರೆ. ಕಾರಣ ಯಾವುದೆಂದು ವೈದ್ಯರು ನೋಡಿ ಹೇಳಲಿ. ನೀವು ಮನೆಯಲ್ಲಿ ಕುಳಿತು ಊಹಿಸುತ್ತ ದಿನ ಕಳೆಯಬೇಡಿ. ನೀರೂ ಇಳಿಯದಿದ್ದರೆ, ಜ್ವರ-ಕೆಮ್ಮು ಬಂದರೆ, ವಾಂತಿ ನಿಲ್ಲದಿದ್ದರೆ, ಮಲ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತದಲ್ಲಿ ಕಬ್ಬಿಣಾಂಶ, ಬಿ-12 ಜೀವಸತ್ವ ಕಡಿಮೆಯಾಗುವ ಸಂಭವವಿರುವುದರಿಂದ ಕರೆದಾಗ ತಪ್ಪದೆ ತಪಾಸಣೆಗೆ ಹೋಗಬೇಕು.

ರೋಗಿ ಹೆಣ್ಣುಮಗಳಾದರೆ ಕಷ್ಟ ಇಮ್ಮಡಿ. ಮನೆಯವರೆಲ್ಲ ಉಂಡ ಮೇಲೆ, ಹೊಲದವರಿಗೆ ಬುತ್ತಿ ಕಟ್ಟಿದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ ಒಲೆಯ ಮುಂದೆ ಕುಳಿತು ಉಣ್ಣುವುದು ಅವಳ ರೂಢಿ. ಈ ರೂಢಿಯನ್ನು ಶಸ್ತ್ರಚಿಕಿತ್ಸೆಯ ನಂತರವೂ ನಡೆಸಿದರೆ ಅವಳು ಉಳಿಯುವುದು ಕಷ್ಟ. ಅತ್ತೆಯ ಮುಂದೆ ಸೊಸೆ ದಿನಕ್ಕೆ ಏಳು ಸಲ ಉಂಡರೆ ಅದು ಅಗೌರವವಲ್ಲ. ಗಂಡನಾದವನು ಎದ್ದು ಒಂದು ಬಟ್ಟಲು ಗಂಜಿ ಕಾಸಿಕೊಡಬೇಕು. ಗಂಜಿ ಕಾಸಿದರೆ ಗಂಡಸುತನ ಕರಗಿಹೋಗುವುದಿಲ್ಲ.

"ಮಾಡಿದ್ದುಣ್ಣೋ ಮಹಾರಾಯ" ಎಂದು ರೋಗಿಯ ಬೆನ್ನ ಹಿಂದೆ ಆಡಿಕೊಳ್ಳುವವರಿಗೂ ಒಂದು ಮಾತು. ಬೀಡಿ-ಸಿಗರೇಟು, ಜಗಿಯುವ ತಂಬಾಕು, ಮದ್ಯ ಇವು ಈ ರೋಗದ ದೊಡ್ಡ ಕಾರಣಗಳೆಂಬುದು ಸತ್ಯ. 65 ಡಿಗ್ರಿಗಿಂತ ಬಿಸಿಯಾದ ಪೇಯವೂ ಕಾರಣವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ಹೊಗೆಯಾಡುವ ಚಹಾ ನುಂಗುವವರು ಗಮನಿಸಿ. ಆದರೆ ಇವನ್ನು ಯಾವುದನ್ನೂ ಮುಟ್ಟದವರಿಗೂ ಈ ರೋಗ ಬಂದದ್ದನ್ನು ನಾವು ಕಂಡಿದ್ದೇವೆ. ತಂಬಾಕಿನ ಮಾತನ್ನು ಮನೆಯ ಮಕ್ಕಳಿಗೆ ಈಗಲೇ ಹೇಳಿ; ಹೊಲಿಗೆ ಹಾಕಿಸಿಕೊಂಡು ಮಲಗಿದವನಿಗೆ ಕರ್ಮಸಿದ್ಧಾಂತ ಬೋಧಿಸುವುದು ಧರ್ಮವಲ್ಲ.

ನಮ್ಮ ಶ್ರೀಮಠದ ದಾಸೋಹದ ಮನೆಯಲ್ಲಿ ಈಗ ಒಂದು ಏರ್ಪಾಡು ಮಾಡಿಸಿದ್ದೇವೆ. ಪಂಕ್ತಿಯ ಕೊನೆಯಲ್ಲಿ ಬೆನ್ನಿಗೆ ಆಸರೆಯಿರುವ ನಾಲ್ಕು ಕುರ್ಚಿ, ಎದುರಿಗೆ ಮೇಜು, ಸಣ್ಣ ಬಟ್ಟಲುಗಳು. ಇಂಥ ಶಸ್ತ್ರಚಿಕಿತ್ಸೆಯಾದವರು, ವಯೋವೃದ್ಧರು ಅಲ್ಲಿ ಕುಳಿತು ತಮಗೆ ಬೇಕಾದಷ್ಟನ್ನು, ಬೇಕಾದಷ್ಟು ಹೊತ್ತು ಉಣ್ಣಬಹುದು. ಪಂಕ್ತಿ ಎದ್ದರೂ ಅವರು ಏಳಬೇಕಾಗಿಲ್ಲ. ಹುಗ್ಗಿಯನ್ನು ಕೇಳಿದರೆ ಮಾತ್ರ, ಒಂದು ಚಮಚ. ಒಂದು ಬೋಗುಣಿ ಕಿಚಡಿಯನ್ನು ಸಂಜೆ ಐದರವರೆಗೆ ಬಿಸಿಯಾಗಿ ಇಟ್ಟಿರುತ್ತಾರೆ. ಬಡಿಸುವ ಹುಡುಗರಿಗೆ ಆ ಮೇಜಿನ ಮುಂದೆ ನಿಂತು "ಇನ್ನಷ್ಟು ಹಾಕಲೇ" ಎಂದು ಕೇಳಕೂಡದೆಂದು ಹೇಳಿದ್ದೇವೆ. ಮತ್ತೆ ಎಷ್ಟು ಗಂಟೆಗೆ ಬರುತ್ತೀರಿ ಎಂದು ಕೇಳಿ ಆ ಹೊತ್ತಿಗೆ ಬಟ್ಟಲು ಸಿದ್ಧಮಾಡಿದರೆ ಸಾಕು. ಆ ಶಿಕ್ಷಕರಿಗೂ ಬರಹೇಳಿ ಕಳಿಸಿದ್ದೇವೆ.