ಕಾಡಿನ ಎಲ್ಲೆ ಸರಿದರೆ

ಬೆಂಗಳೂರು ದಂಡಿನ ಪ್ರದೇಶದ ಹಳೆಯ ರಸ್ತೆಗಳಲ್ಲಿ ಕೊಡೆಯಂತೆ ಹರಡಿ ನಿಂತ ಮಳೆಮರಗಳನ್ನು ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಅಮೆರಿಕದ ಉಷ್ಣವಲಯದಿಂದ ಬಂದ ಈ ವೃಕ್ಷ ಇಲ್ಲಿ ಬೇರೂರಿದುದಕ್ಕೆ ಒಂದು ಕಾರಣ, ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲಿ ಬೀಳದಿರುವುದು. 1884ರ ಜನವರಿಯ ದಾಖಲೆಯ ಚಳಿಯಲ್ಲಿಯೂ ನಗರದ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯಲಿಲ್ಲ. ಯಾವ ಮರ ಎಲ್ಲಿಯವರೆಗೆ ಬದುಕಬಲ್ಲುದೆಂಬ ಎಲ್ಲೆಯನ್ನು ಬಹುಮಟ್ಟಿಗೆ ಶೀತವೇ ನಿರ್ಣಯಿಸುತ್ತದೆ.

ಭೂಗೋಳದ ಉತ್ತರದಲ್ಲಿ ಈ ಎಲ್ಲೆ ಕಣ್ಣಿಗೇ ಕಾಣುತ್ತದೆ. ಕೆನಡ, ಸೈಬೀರಿಯಗಳ ಸ್ಪ್ರೂಸ್, ಲಾರ್ಚ್ ಕಾಡುಗಳು ಉತ್ತರಕ್ಕೆ ಹೋದಂತೆಲ್ಲ ಕುಳ್ಳಾಗಿ, ವಿರಳವಾಗಿ, ಕಡೆಗೆ ನಿಂತೇಹೋಗುತ್ತವೆ. ಮುಂದಿರುವುದು ಹಾವಸೆ, ಕಲ್ಲುಹೂಗಳ ಟಂಡ್ರಾ. ಜುಲೈ ತಿಂಗಳ ಸರಾಸರಿ ಉಷ್ಣತೆ 10 ಡಿಗ್ರಿ ಇರುವ ರೇಖೆಯೂ ಕಾಡಿನ ಅಂಚೂ ಸ್ಥೂಲವಾಗಿ ಹೊಂದುತ್ತವೆ. ಬೇಸಗೆ ಅದಕ್ಕಿಂತ ತಣ್ಣಗಿದ್ದರೆ ಮರದ ಬೆಳವಣಿಗೆ ಸಾಗದು.

ಆದರೆ ಆರ್ಕ್ಟಿಕ್ ವಲಯ 1979ರಿಂದೀಚೆಗೆ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಕಾಯುತ್ತಿದೆ. ಪರ್ವತಗಳನ್ನೂ ಉತ್ತರದ ನಾಡುಗಳನ್ನೂ ಒಳಗೊಂಡ 166 ಸ್ಥಳಗಳ ಸಮೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇಕಡ 52ರಲ್ಲಿ ಮರಗಳ ಎಲ್ಲೆ ಮುಂದೆ ಸರಿದಿತ್ತು. ಹಿಂದೆ ಸರಿದುದು ಶೇಕಡ 1ರಲ್ಲಿ ಮಾತ್ರ.

ಕಾಡು ಹಬ್ಬಿದರೆ ಲಾಭವೇ ಅಲ್ಲವೆ ಎಂದು ಕೆಲವರು ಕೇಳುವರು. ಈ ಮಾತನ್ನು ನಾನು ಒಪ್ಪಲಾರೆ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಅದರ ಮೇಲೆ ತಲೆಯೆತ್ತಿದ ಕಪ್ಪು ಮರ ಬಿಸಿಲನ್ನು ಹೀರಿ ಕಾವನ್ನು ಹೆಚ್ಚಿಸುತ್ತದೆ. ಇತ್ತ ದಕ್ಷಿಣದಲ್ಲಿ ಅದೇ ಕಾಡು ಬರಕ್ಕೂ ಕೀಟಕ್ಕೂ ಬೆಂಕಿಗೂ ತುತ್ತಾಗುತ್ತಿದೆ. 2023ರಲ್ಲಿ ಕೆನಡದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರು ನೆಲ ಬೆಂದುಹೋಯಿತು. ಬೀಜ ತಲೆಮಾರುಗಳಲ್ಲಿ ಗಳಿಸುವುದನ್ನು ಬೆಂಕಿ ಒಂದು ಬೇಸಗೆಯಲ್ಲಿ ಕಳೆಯುತ್ತದೆ.

ನಮ್ಮ ನೆರೆಯ ನೀಲಗಿರಿಯೂ ಇದೇ ಪಾಠವನ್ನು ಹೇಳುತ್ತದೆ. ಅಲ್ಲಿನ ಎತ್ತರದ ಹುಲ್ಲುಗಾವಲುಗಳಲ್ಲಿ ಚಳಿಗಾಲದ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಶೋಲಾ ಮರಗಳ ಎಳೆಯ ಸಸಿಗಳನ್ನು ಕೊಲ್ಲುತ್ತದೆ. ಶೋಲಾ ಕಾಡು ಕಣಿವೆಗಳಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಆ ಹುಲ್ಲುಗಾವಲನ್ನು ಬಂಜರೆಂದು ಬಗೆದು ನೆಟ್ಟ ಆಸ್ಟ್ರೇಲಿಯದ ವಾಟಲ್ ಮರಗಳು ಇಂದು ಅದನ್ನೇ ನುಂಗುತ್ತಿವೆ. ಹುಲ್ಲನ್ನೇ ನಂಬಿದ ವರಯಾಡು ನೆಲೆ ಕಳೆದುಕೊಳ್ಳುತ್ತಿದೆ.

ಆದುದರಿಂದ ಹಸುರನ್ನು ಎಣಿಸಿದರೆ ಸಾಲದು. ಅದು ಇರಬೇಕಾದೆಡೆ ಇದೆಯೆ ಎಂದೂ ಕೇಳಬೇಕು. ಕಲ್ಲಿದ್ದಲು, ತೈಲಗಳ ಹೊಗೆಯನ್ನು ತಗ್ಗಿಸದೆ ಸಸಿ ನೆಟ್ಟು ಸಮಾಧಾನ ಪಡುವುದು ಆತ್ಮವಂಚನೆ. ಹಲಸೂರಿನ ಮನೆಯ ದೀಪಕ್ಕೂ ಸೈಬೀರಿಯದ ಕೊನೆಯ ಮರಕ್ಕೂ ನಡುವೆ ಇರುವುದು ಒಂದೇ ವಾಯುಮಂಡಲ.