ಜೋಡಿ ಎಕ್ಕಕ್ಕೂ ಅಂಜಿಕೆ ಇರಲಿ

ಇಸ್ಪೀಟ್ ಆಡುವವರ ಬಾಯಲ್ಲಿ ನಾನು ಪದೇ ಪದೇ ಕೇಳಿದ, ಒಮ್ಮೆಯೂ ಒಪ್ಪದ ಮಾತೊಂದಿದೆ: ‘ಕೈಯಾಗ ಜೋಡಿ ಎಕ್ಕ ಅವ, ಇನ್ಯಾಕ ಅಂಜಬೇಕು?’ ಯಾದಗಿರಿ ಸೀಮೆಯಲ್ಲಿ, ನಮ್ಮ ಬಳಿಚಕ್ರದ ಕಡೆ, ದೀಪಾವಳಿಯ ಹೊತ್ತಿಗೆ ಹತ್ತಿ ಮಾರಿದ ದುಡ್ಡು ಕೈಗೆ ಬರುತ್ತದೆ. ಎಲೆಗಳೂ ಹೊರಗೆ ಬರುತ್ತವೆ. ಆಗ ಈ ಮಾತು ಗಂಡಸುತನದ ಪ್ರಮಾಣಪತ್ರದಂತೆ ಓಡಾಡುತ್ತದೆ. ಹುಡುಗರು ಅದನ್ನೇ ಮೊಬೈಲಿನ ಪೋಕರಿಗೂ ಒಯ್ದರು. ನನ್ನ ತಕರಾರು ಇಷ್ಟೇ: ಅದು ಧೈರ್ಯವಲ್ಲ, ಎದುರಿಗೆ ಬಿದ್ದ ಎಲೆಗಳನ್ನು ಓದಲು ಒಲ್ಲೆನೆನ್ನುವ ಸೋಮಾರಿತನ.

ಈ ಸೋಮಾರಿತನಕ್ಕೆ ಒಂದು ಮೂಲವಿದೆ. ನಾವೆಲ್ಲ ತೀನ್ ಪತ್ತಿಯಲ್ಲಿ ಬೆಳೆದವರು. ಅಲ್ಲಿ ಮೂರು ಎಲೆ ಬಿದ್ದ ಕ್ಷಣಕ್ಕೆ ಕೈಯ ಹಣೆಬರಹ ಮುಗಿಯಿತು. ಆಮೇಲೆ ಬೆಳೆಯುವುದು ಚಾಲ್ ಮಾತ್ರ, ಎಲೆ ಬದಲಾಗುವುದಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಕರೆದಾಗ, ಮೂರು ಎಲೆಯ ಆಟವನ್ನು ಬರೀ ಅದೃಷ್ಟದ್ದೆಂದು ಬೇರೆಯಾಗಿಯೇ ಇಟ್ಟಿತ್ತು. ಪೋಕರಿನ ಕಟ್ಟೇ ಬೇರೆ. ಕೈಗೆ ಬರುವುದು ಎರಡೇ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಎಂಬಂತೆ ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಪಣ ಕಟ್ಟುವ ಸುತ್ತು ಬರುತ್ತದೆ, ಪ್ರತಿ ಸಲವೂ ನಿಮ್ಮ ಕೈಯ ಬೆಲೆ ಬದಲಾಗುತ್ತದೆ. ಮೂರು ಎಲೆಯ ಮನಸ್ಸು ಹೊತ್ತು ಐದು ಎಲೆಯ ಬೋರ್ಡಿನ ಮುಂದೆ ಕೂತವನು ಮೊದಲು ಸೋಲುವುದು ಇಲ್ಲಿ.

ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮನ್ ಎಕ್ಕ ಇವೆ ಅನ್ನಿ. ಬೋರ್ಡಿನ ಮೇಲೆ ರಾಜ, 7, 2 ಬಿದ್ದವು, ಮೂರಕ್ಕೂ ಬೇರೆ ಬೇರೆ ಬಣ್ಣ. ಇದು ಒಣ ನೆಲ. ಧಾರಾಳವಾಗಿ ಪಣ ಕಟ್ಟಿ, ನನ್ನ ಆಕ್ಷೇಪಣೆಯಿಲ್ಲ. ಅದರ ಬದಲು ಆಟೀನ್ 10, ಆಟೀನ್ 9, ಕಳಾವರ್ 8 ಬಿದ್ದರೆ? ರಾಣಿ–ಗುಲಾಮ ಹಿಡಿದವನಿಗೆ ಸಾಲು ಆಗಲೇ ಕೂಡಿದೆ. 7–6 ಹಿಡಿದವನಿಗೂ ಕೂಡಿದೆ. ಜೋಡಿ 8 ಇಟ್ಟುಕೊಂಡವನಿಗೆ ಮೂರು 8 ಆಗಿವೆ. ಎರಡು ಆಟೀನ್ ಹಿಡಿದವನು ಇನ್ನೊಂದು ಆಟೀನಿಗೆ ಕಾಯುತ್ತಿದ್ದಾನೆ. ಉಳಿದ ಎರಡು ಎಲೆಗಳಲ್ಲಿ ಅದು ಸಿಗುವ ಸಂಭವ ಶೇ. 35ರಷ್ಟು. ನಿಮ್ಮ ಕೈ ಸುಧಾರಿಸಲು ಮುಖ್ಯ ದಾರಿ ಇನ್ನೊಂದು ಎಕ್ಕ. ಉಳಿದಿರುವುದು ಎರಡೇ, ಸಂಭವ ಸುಮಾರು ಶೇ. 8. ಎಕ್ಕಗಳು ಅವೇ, ಆದರೆ ಈಗ ಅವು ಬರೀ ಒಂದು ಜೋಡಿ.

ಕೈ ತುಂಬಿದ ಖುಷಿಯಲ್ಲಿ ತಲೆ ಎಣಿಸುವುದನ್ನೂ ಮರೆಯುತ್ತೇವೆ. ಜೋಡಿ ಎಕ್ಕ ಒಬ್ಬ ಎದುರಾಳಿಯ ಯಾವುದೋ ಎರಡು ಎಲೆಗಳ ಮುಂದೆ 100ಕ್ಕೆ 85 ಸಲ ಗೆಲ್ಲುತ್ತದೆ. ಐದು ಜನ ಕೊನೆಯವರೆಗೂ ಉಳಿದರೆ ಅರ್ಧಕ್ಕಿಂತ ತುಸು ಕಡಿಮೆ. ಒಂಬತ್ತು ಜನ ಉಳಿದರೆ 31ರ ಆಸುಪಾಸು. ಕಣದಲ್ಲಿ ಅತ್ಯುತ್ತಮ ಕೈ ನಿಮ್ಮದೇ, ಆದರೂ ಹೆಚ್ಚು ಸಲ ಸೋಲುವವರು ನೀವೇ. ಇದನ್ನು ಒಪ್ಪಲು ಲೆಕ್ಕಕ್ಕಿಂತ ವಿನಯ ಬೇಕು.

‘ಹಂಗಂದ್ರ ಹೇಡಿಯಂಗ ಆಡಬೇಕೇನು?’ ಎಂದು ಕೇಳುವವರಿಗೆ ನನ್ನ ಉತ್ತರ: ಇಲ್ಲ, ಅಂಜಿಕೆಗೂ ಒಂದು ಲೆಕ್ಕವಿದೆ. ನಡುವೆ 1000 ರೂಪಾಯಿ ಇದ್ದಾಗ ನೀವು 500 ಕಟ್ಟಿದಿರಿ ಎನ್ನಿ. ಎದುರಿನವನು 500 ಹಾಕಿ 1500ಕ್ಕೆ ಆಸೆ ಪಡಬೇಕು, ಅಂದರೆ ನಾಲ್ಕಕ್ಕೆ ಒಂದು ಸಲವಾದರೂ ಅವನಿಗೆ ಬೇಕಾದ ಎಲೆ ಬೀಳಬೇಕು. ಆಟೀನಿಗೆ ಕಾಯುವವನಿಗೆ ಮುಂದಿನ ಎಲೆಯಲ್ಲಿ ಅದು ಬೀಳುವುದು ಐದಕ್ಕೆ ಒಂದು ಸಲ. ಹೀಗೆ ಅವನಿಂದ ಬೆಲೆ ಕಟ್ಟಿಸಿಕೊಳ್ಳುವುದೂ ಎಚ್ಚರಿಕೆಯೇ. ಮತ್ತೆ ಅವನು ಯಾಕೆ ಹಾಕುತ್ತಾನೆ? ಮೂರನೇ ಆಟೀನ್ ಬಿದ್ದ ಮೇಲೂ ನೀವು ಎಕ್ಕ ಬಿಡದೆ ಇನ್ನಷ್ಟು ಸುರಿಯುತ್ತೀರಿ ಎಂಬ ನಂಬಿಕೆಯಿಂದ. ಅವನ ಲಾಭ ಅವನ ಎಲೆಯಲ್ಲಿಲ್ಲ, ನಿಮ್ಮ ಹಟದಲ್ಲಿದೆ. ಬಣ್ಣ ಕೂಡಿತು, ಅಲ್ಲಿಯತನಕ ಸುಮ್ಮನಿದ್ದವನು ಒಮ್ಮೆಲೇ ದೊಡ್ಡದಾಗಿ ಏರಿಸಿದ; ಆಗ ಎಕ್ಕಗಳನ್ನು ಮಡಚಿ ಇಡುವವನು ಆ ಲಾಭಕ್ಕೆ ಕತ್ತರಿ ಹಾಕುತ್ತಾನೆ. ಅಷ್ಟು ಏರಿಸಿಲ್ಲವೇ? ತಾನೂ ಏರಿಸದೆ, ನಡುವಿನ ದುಡ್ಡು ಉಬ್ಬದಂತೆ ನೋಡಿಕೊಂಡರೆ ಸಾಕು.

ಬಿಡುವುದು ಯಾಕಿಷ್ಟು ಕಷ್ಟ? ಜೋಡಿ ಎಕ್ಕ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ. ಇಡೀ ರಾತ್ರಿ ಕಾದವನಿಗೆ ಅದು ಎಲೆಯಂತೆ ಕಾಣದೆ, ಬರಬೇಕಾದ ಬಾಕಿಯಂತೆ ಕಾಣುತ್ತದೆ. ಆದರೆ ಎಲೆಗಳಿಗೆ ನಮ್ಮ ಕಾಯುವಿಕೆಯ ಋಣವಿಲ್ಲ. ಈ ಪಾಠ ಹೇಳಲು ಪೋಕರ್ ಪಂಡಿತರು ಬೇಕಿಲ್ಲ, ಬಳಿಚಕ್ರದ ತೊಗರಿ ಬೆಳೆಗಾರರು ಸಾಕು. ಮುಂಗಾರು ಹದವಾಗಿ ಬಿದ್ದು ಹೊಲ ಹಳದಿ ಹೂವಿನಿಂದ ತುಂಬಿದರೂ ಅನುಭವಸ್ಥ ರೈತ ಆಗಲೇ ಚೀಲ ಎಣಿಸುವುದಿಲ್ಲ. ನೆಟೆ ರೋಗವಿದೆ, ಕಾಯಿ ಕೊರಕವಿದೆ, ಹೂ ಉದುರಿಸುವ ಮಂಜಿದೆ. ಹೂವಿಗೂ ರಾಶಿಗೂ ನಡುವಿನ ದೂರ ಅವನಿಗೆ ಗೊತ್ತು. ಹೊಲದಲ್ಲಿ ಇಷ್ಟು ತಿಳಿವಳಿಕೆ ಇರುವ ಊರಿನಲ್ಲಿ, ಎಲೆ ಹಿಡಿದ ಕೂಡಲೇ ಅದನ್ನು ಹೇಡಿತನವೆಂದು ಹಂಗಿಸುವುದು ನನಗೆ ಅರ್ಥವಾಗುವುದಿಲ್ಲ.

ಸಾಹಿತ್ಯ ಓದುವವರು ಧರ್ಮರಾಯನನ್ನೇ ನೋಡಬಹುದು. ರಾಜಸೂಯ ಮುಗಿಸಿ ಬಂದವನು. ಅದಕ್ಕಿಂತ ದೊಡ್ಡ ಕೈ ಯಾರಿಗಿತ್ತು? ಕರೆದಾಗ ಒಲ್ಲೆನೆನ್ನಬಾರದು ಎಂಬ ನಿಯಮಕ್ಕೆ ಕಟ್ಟುಬಿದ್ದು ಕೂತ, ಎಲ್ಲ ಕಳೆದ. ಸೋತದ್ದೆಲ್ಲ ಮರಳಿ ಸಿಕ್ಕ ಮೇಲೂ ಎರಡನೇ ಕರೆಗೆ ಹೋದ. ಶಕುನಿ ಹೇಗೆ ಆಡುತ್ತಾನೆಂದು ಕಣ್ಣಾರೆ ಕಂಡ ಮೇಲಿನ ಮಾತಿದು. ದಾಳಗಳ ಮೋಸಕ್ಕಿಂತ, ಏಳಲಾಗದ ಆ ಮರ್ಯಾದೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಕೆಟ್ಟ ಕೈ ಬಂದವನು ಬೇಗ ಎದ್ದು ಹೋಗುತ್ತಾನೆ. ಮನೆ ಕಳೆಯುವುದು ಒಳ್ಳೆಯ ಕೈ ಬಂದವನದೇ.

ಮೊಬೈಲ್ ಆಟದವರು ಈ ಮರ್ಯಾದೆಯ ಮೇಲೆಯೇ ಅಂಗಡಿ ತೆರೆದರು. ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿ 14ರಂದು ಹೈಕೋರ್ಟು ರದ್ದು ಮಾಡಿದಾಗ ‘ಕೌಶಲದ ಆಟ’ ಎಂಬ ಮಾತಿಗೆ ಬಲ ಬಂತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಈ ನಡುವೆ ನಾನು ಕಂಡ ಜಾಹೀರಾತುಗಳಲ್ಲೆಲ್ಲ ಗೆದ್ದವನ ನಗೆ ಇತ್ತು. ಎಕ್ಕ ಮಡಚಿಟ್ಟು ಸುಮ್ಮನೆ ಕೂತವನ ಮುಖ ಒಂದರಲ್ಲೂ ಇರಲಿಲ್ಲ. ಹೆಸರು ಕೌಶಲದ್ದು, ಮಾರಿದ್ದು ಹುಂಬತನ. ಪೋಕರಿನಲ್ಲಿ ಕೌಶಲವೆಂಬುದು ಇದ್ದರೆ ಅದರ ಪರೀಕ್ಷೆ ಜೋಡಿ ಎಕ್ಕದಿಂದ ಎಷ್ಟು ಗೆದ್ದಿರಿ ಎಂಬುದಲ್ಲ, ಅದು ಸೋತ ದಿನ ಎಷ್ಟು ಕಡಿಮೆ ಕಳೆದಿರಿ ಎಂಬುದು.

ನಿಷೇಧ ಆ್ಯಪನ್ನು ಮುಚ್ಚಬಹುದು, ದೀಪಾವಳಿಯ ಚಾಪೆಯನ್ನು ಮಡಚಲಾರದು. ಅಲ್ಲಿ ಕೂಡಬೇಡಿ ಎಂದರೆ ನನ್ನ ಮಾತು ಯಾರೂ ಕೇಳುವುದಿಲ್ಲ. ಕೂತವರು ಇಷ್ಟಾದರೂ ಮಾಡಲಿ: ಎಲೆ ಚೆಲ್ಲಿ ಎದ್ದವನನ್ನು ನೋಡಿ ನಗುವುದನ್ನು ನಿಲ್ಲಿಸಲಿ. ಆ ನಗೆಗೆ ಅಂಜಿಯೇ ಎಷ್ಟೋ ಮಂದಿ ಹತ್ತಿಯ ದುಡ್ಡನ್ನು ನಡುವೆ ಸುರಿದಿದ್ದಾರೆ.