ಹಲಗಲಿಯ ಬೀಸುಕಲ್ಲು

ಭಾದ್ರಪದದಲ್ಲಿ ಗಣಪತಿ ಕೂತ ನಾಲ್ಕೈದು ದಿನಕ್ಕೆ ಜೋಕುಮಾರ ಹುಟ್ಟುತ್ತಾನೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ಎಲೆ ಹೊದಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ತರುತ್ತಾರೆ. ಮಣ್ಣಿನ ಗೊಂಬೆ, ಅಗಲ ಬಾಯಿ, ಬಾಯಿಗೆ ಬೆಣ್ಣೆ. ಅಷ್ಟಮಿಗೆ ಹುಟ್ಟಿದವನು ಹುಣ್ಣಿಮೆಗೆ ಸಾಯುತ್ತಾನೆ. ಏಳು ದಿನದ ಆಯುಷ್ಯದಲ್ಲಿ ಅವನು ಮಳೆ ತರಬೇಕು, ಬೆಳೆ ತರಬೇಕು, ಊರ ಬಸುರಿನ ಆಸೆ ಹೊರಬೇಕು. ಹುಣ್ಣಿಮೆ ಕಳೆದರೆ ಮಣ್ಣು ಮಣ್ಣಿಗೆ ಸೇರುತ್ತದೆ. ಹಾಡು ಮಾತ್ರ ಹೆಣ್ಣುಮಕ್ಕಳ ಬಾಯಲ್ಲಿ ಉಳಿದು, ಮರುವರ್ಷ ಹೊಸ ಮಣ್ಣನ್ನು ಹುಡುಕಿ ಬರುತ್ತದೆ. 1972ರಲ್ಲಿ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಗೊಂಬೆಯನ್ನು ಬಯಲಾಟದ ಧಾಟಿಯ ನಾಟಕಕ್ಕೆ ಎಳೆದು ತಂದರು. ಬುಟ್ಟಿಯಲ್ಲಿದ್ದವನು ನಗರದ ರಂಗಮಂದಿರದ ದೀಪದಡಿ ನಿಂತ.

ಗೊಂಬೆ ಹೋಗಿ ಕತೆ ಉಳಿದ ಉದಾಹರಣೆ ಅಮೆರಿಕದ ಆಟಿಕೆ ಅಂಗಡಿಗಳಲ್ಲೂ ಇದೆ. 1979ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ 'ರಾಮ್' ಎಂಬ ಬೆಳ್ಳಿಬಣ್ಣದ ವೀರನ ಬೊಂಬೆ ಮಾರಿತು. ಕಣ್ಣಲ್ಲಿ ಕೆಂಪು ದೀಪ, ಎದೆಯೊಳಗಿನಿಂದ ಸದ್ದು. ಮಕ್ಕಳು ಅದನ್ನು ಮೆಚ್ಚಲಿಲ್ಲ. ಬೊಂಬೆ ಬೇಗ ಅಂಗಡಿಯಿಂದ ಮರೆಯಾಯಿತು. ಆದರೆ ಜಾಹೀರಾತಿನ ಜೊತೆಗೆಂದು ಮಾರ್ವೆಲ್ ಸಂಸ್ಥೆ ಶುರುಮಾಡಿದ ಕಾಮಿಕ್ಸ್ 1986ರವರೆಗೆ 75 ಸಂಚಿಕೆ ನಡೆಯಿತು. ಬಿಲ್ ಮ್ಯಾಂಟ್ಲೊ ಬರೆದರು, ಸಾಲ್ ಬುಸೆಮಾ ಚಿತ್ರಿಸಿದರು. ಬೊಂಬೆಯನ್ನು ಕೈಯಲ್ಲಿ ಹಿಡಿಯದ ಮಕ್ಕಳು ಅವನ ಕತೆಗಾಗಿ ತಿಂಗಳು ಕಾದರು. 2016ರಲ್ಲಿ ಇನ್ನೊಂದು ಪ್ರಕಾಶನ ಅವನನ್ನು ಹೊಸ ಕಾಮಿಕ್ಸಿನಲ್ಲಿ ಎಬ್ಬಿಸಿದ್ದು ಆ ಓದಿನ ನೆನಪಿನ ಬಲದಿಂದ.

ಜಿ.ಐ. ಜೋ ಕತೆ ಇದಕ್ಕಿಂತ ದೊಡ್ಡದು. ಹ್ಯಾಸ್ಬ್ರೊ ಕಂಪನಿ 1964ರಲ್ಲಿ ಸುಮಾರು ಒಂದು ಅಡಿ ಎತ್ತರದ ಸೈನಿಕನನ್ನು ತಂದಾಗ, ಗಂಡುಹುಡುಗರು ಬೊಂಬೆ ಆಡುವುದುಂಟೇ ಎಂಬ ಅಂಜಿಕೆಯಿಂದ 'ಆಕ್ಷನ್ ಫಿಗರ್' ಎಂಬ ಹೆಸರನ್ನೇ ಹುಟ್ಟಿಸಬೇಕಾಯಿತು. 1982ರಲ್ಲಿ ಅದೇ ಹೆಸರು ಅಂಗೈಯಲ್ಲಿ ಹಿಡಿಸುವ ಪುಟ್ಟ ಬೊಂಬೆಗಳಾಗಿ ಮರಳಿ ಬಂತು. ಜೊತೆಗೆ ಲ್ಯಾರಿ ಹಾಮಾ ಬರೆದ ಕಾಮಿಕ್ಸೂ ಬಂತು. ಹಾಮಾ ಪ್ರತಿ ಬೊಂಬೆಯ ಪೊಟ್ಟಣದ ಹಿಂದೆ ಅವನ ನಿಜ ಹೆಸರು, ಹುಟ್ಟೂರು, ಕಸುಬು ಬರೆದರು. ಪ್ಲಾಸ್ಟಿಕ್ಕಿಗೆ ಊರು ಸಿಕ್ಕಿತು. 1984ರ 21ನೇ ಸಂಚಿಕೆಯಲ್ಲಿ ಒಂದೇ ಒಂದು ಮಾತಿಲ್ಲ. ಇಡೀ ಕತೆ ಚಿತ್ರದಲ್ಲೇ ನಡೆಯುತ್ತದೆ. ಆ ಸರಣಿಯ ಅತ್ಯುತ್ತಮ ಸಂಚಿಕೆಯೆಂದು ಓದುಗರು ಇಂದಿಗೂ ಅದನ್ನೇ ನೆನೆಯುತ್ತಾರೆ. 1994ರಲ್ಲಿ 155ಕ್ಕೆ ನಿಂತ ಸರಣಿ ಪ್ರಕಾಶಕರನ್ನು ಬದಲಿಸುತ್ತ 2023ರಲ್ಲಿ 301ನೇ ಸಂಚಿಕೆಯಿಂದ ಮತ್ತೆ ಹೊರಟಿತು.

ಇನ್ನೊಬ್ಬನಿದ್ದಾನೆ, ಕ್ಯಾಪ್ಟನ್ ಆಕ್ಷನ್. 1966ರ ಈ ಬೊಂಬೆಗೆ ಸ್ವಂತದ್ದಕ್ಕಿಂತ ಬೇರೆಯವರ ಬಟ್ಟೆಯೇ ಹೆಚ್ಚು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ವೇಷದ ಜೊತೆಗೆ, 'ಸುಧಾ' ವಾರಪತ್ರಿಕೆಯಲ್ಲಿ ಕನ್ನಡ ಮಾತಾಡಿದ ಫ್ಯಾಂಟಮ್‌ನ ವೇಷವೂ ಅವನಿಗೆ ಸಿಗುತ್ತಿತ್ತು. ಹಗಲುವೇಷದವರು ಬೆಳಿಗ್ಗೆ ರಾಮನಾಗಿ ಬಂದು ಮರುದಿನ ಭೀಮನಾಗಿ ಅಂಗಳದಲ್ಲಿ ನಿಲ್ಲುವುದನ್ನು ಕಂಡ ನಾಡಿಗೆ ಇದೇನೂ ಸೋಜಿಗವಲ್ಲ.

ಮುಧೋಳದ ಮಟ್ಟಿಗಂತೂ ಈ ವಿದ್ಯೆ ಸಾವಿರ ವರ್ಷ ಹಳೆಯದು. ಮುದುವೊಳಲಿನ ಬಳೆಗಾರರ ಮಗ ರನ್ನ ಮಾಡಿದ್ದು ಇದನ್ನೇ. ಪಂಪ 941ರ ಹೊತ್ತಿಗೆ ಅರ್ಜುನನನ್ನು ನಾಯಕನಾಗಿಸಿ ತನ್ನ ದೊರೆ ಅರಿಕೇಸರಿಯನ್ನು ಅವನಲ್ಲಿ ಕಂಡಿದ್ದ. ರನ್ನ ಭೀಮನತ್ತ ತಿರುಗಿದ. ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನಿಗೆ ಭೀಮನ ಗದೆ ಕೊಟ್ಟ. ಇಡೀ ಭಾರತವನ್ನು ಕೊನೆಯ ಕಾಳಗದ ಅಂಚಿನಲ್ಲಿ ನಿಂತು, ಸಿಂಹ ತಿರುಗಿ ನೋಡಿದಂತೆ ಹಿಂದಕ್ಕೆ ನೋಡುತ್ತ ಹೇಳಿದ. ಅಷ್ಟಾದರೂ ಓದುಗರ ಎದೆ ಹಿಡಿದದ್ದು ಸೋಲುವ ದುರ್ಯೋಧನ: ಹೆಣಗಳ ನಡುವೆ ಗೆಳೆಯ ಕರ್ಣನಿಗಾಗಿ ಅಳುವವನು, ಕೊಳದ ನೀರಿನೊಳಗೆ ಅಡಗಿದ್ದರೂ ಭೀಮನ ಗರ್ಜನೆ ಕೇಳಿ ಬೆವರುವವನು. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿದಾಗ ಆ ದುರಂತವನ್ನೇ ಎತ್ತಿ ಹಿಡಿದರು. ಮುಧೋಳ ತಾಲ್ಲೂಕಿನ ಬೆಳಗಲಿ ರನ್ನನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ರನ್ನ ಬೆಳಗಲಿ ಆಗಿದೆ. ಆ ಊರಿನ ಹುಡುಗ ಭೀಮನನ್ನು ಕಾಮಿಕ್ಸಿನಲ್ಲಿ ಓದುವುದಾದರೆ ಆ ಭೀಮ ರನ್ನನ ಭೀಮನಾಗಿರಬೇಕೆಂದು ಬಯಸುವುದು ದೊಡ್ಡ ಆಸೆಯೇನಲ್ಲ.

ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಈ ನಾಲ್ಕು ತಾಲ್ಲೂಕುಗಳಿಂದ ಮೊದಲು ಕಾಮಿಕ್ಸಿಗೆ ಬರಬೇಕಾದವರು ಹಲಗಲಿಯವರು.

ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರ ಕತೆ ಗೊತ್ತಿಲ್ಲದ ಕನ್ನಡ ವಿದ್ಯಾರ್ಥಿ ಕಡಿಮೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಅಪ್ಪಣೆಯಿಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ ಎಂದರು. ಬೇಡರಿಗೆ ಆಯುಧವೆಂದರೆ ಬೇಟೆ, ಹೊಟ್ಟೆ, ಮಾನ. ಅವರು ಕೊಡಲಿಲ್ಲ. ಪೂಜೇರಿ ಹನುಮ, ಜಡಗ, ಬಾಲ, ರಾಮ ಎಂಬ ನಾಲ್ವರ ಮುಂದಾಳ್ತನದಲ್ಲಿ ಊರು ತಿರುಗಿ ನಿಂತಿತು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಹಲವರು ಅಲ್ಲೇ ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಅವರದೇ ಊರಿನಲ್ಲಿ.

ಇದನ್ನು ಊರೂರಿಗೆ ಮುಟ್ಟಿಸಿದ್ದು ಲಾವಣಿ. ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವ ಆ ಹಾಡನ್ನು, ಸಂಗೊಳ್ಳಿ ರಾಯಣ್ಣನ ಹಾಡಿನ ಹಾಗೆಯೇ, ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೇ ಶತಮಾನದ ಕೊನೆಯ ಭಾಗದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಬಂಡಾಯ ಹತ್ತಿಕ್ಕಿದ ಸರ್ಕಾರದ ನೌಕರನೇ ಬಂಡಾಯದ ಹಾಡನ್ನು ಕಾಪಿಟ್ಟ. ಇತ್ತೀಚಿನ ವರ್ಷಗಳಲ್ಲಿ ಅದು ರಾಜ್ಯದ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೂ ಸೇರಿತು.

ಲಾವಣಿಯನ್ನು ಚಿತ್ರಕಾರನ ಕಣ್ಣಿನಿಂದ ಓದಿದರೆ ಅದು ಚೌಕಟ್ಟು ಚೌಕಟ್ಟಾಗಿ ಬಿಚ್ಚಿಕೊಳ್ಳುತ್ತದೆ. ವಿಲಾಯತಿಯಿಂದ ಹುಕುಂ ಬರುತ್ತದೆ. ನಾಲ್ವರು ಒಳಗೊಳಗೇ ಮಾತಾಡಿಕೊಳ್ಳುತ್ತಾರೆ. ಕಾರಕೂನನ ಕೆನ್ನೆಗೆ ಏಟು ಬೀಳುತ್ತದೆ. ಕುದುರೆಯ ದಂಡು ಬರುತ್ತದೆ, ಗುಂಡಿನ ಮಳೆ ಸುರಿಯುತ್ತದೆ, ಒಬ್ಬೊಬ್ಬರಾಗಿ ಹೆಸರು ಹಿಡಿದು ಬೀಳುತ್ತಾರೆ. ಸಾಮಾನ್ಯ ಕವಿಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ ಜಯಘೋಷ ಹಾಕುತ್ತಿದ್ದ. ಈ ಲಾವಣಿಕಾರ ನಿಲ್ಲುವುದಿಲ್ಲ. ಅವನು ದಂಡಿನವರ ಹಿಂದೆಯೇ ಮನೆಗಳೊಳಗೆ ಹೊಕ್ಕು, ಏನೇನು ಹೋಯಿತೆಂದು ಎಣಿಸುತ್ತಾನೆ. ಕೊಡಲಿ ಹೋಯಿತು, ಕುಡ ಹೋಯಿತು. ಹಾಲು, ಬೆಣ್ಣೆ ಹೋದವು. ಅಡುಗೆಮನೆಯ ಉಪ್ಪು, ಅರಿಶಿನ, ಜೀರಿಗೆ ಕೂಡ ಬಿಡಲಿಲ್ಲ. ಚರಗಿ, ಗಂಗಾಳ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ಆಯುಧ ಹುಡುಕಿ ಬಂದವರು ಬೀಸುಕಲ್ಲನ್ನೂ ಎತ್ತಿಕೊಂಡು ಹೋದರು ಎಂದು ಹೇಳಿ, ಊರು ಬೂದಿಯಾದದ್ದನ್ನು ಹೇಳುತ್ತಾನೆ.

ಹೊಸ ಕಾಮಿಕ್ಸು ಈ ಪಟ್ಟಿಯನ್ನು ಕೈಬಿಟ್ಟರೆ ಹಲಗಲಿಯನ್ನೇ ಕೈಬಿಟ್ಟಂತೆ. ಕತ್ತಿ ಎತ್ತಿ ನಿಂತ ಜಡಗನ ಚಿತ್ರ ಯಾರಾದರೂ ಬರೆದಾರು. ಉತ್ತರ ಕರ್ನಾಟಕದ ವೃತ್ತವೃತ್ತಗಳಲ್ಲಿ ನಿಂತಿರುವ ವೀರರ ಪ್ರತಿಮೆಗಳು ಆ ಭಂಗಿಯನ್ನು ಎಲ್ಲರಿಗೂ ಕಲಿಸಿವೆ. ಪ್ರತಿಮೆಯೂ ಒಂದು ಬೊಂಬೆಯೇ, ಕೀಲಿಲ್ಲದ್ದು. ಕೈ ಮೇಲೆ ಹೋದರೆ ಮೇಲೆಯೇ. ಕಾಮಿಕ್ಸಿಗೆ ಆ ಕೈಯನ್ನು ಇಳಿಸುವ ಶಕ್ತಿಯಿದೆ. ಅದೇ ಕೈ ಹಿಂದಿನ ದಿನ ನೇಗಿಲು ಹಿಡಿದಿತ್ತು, ಮಗುವಿಗೆ ರೊಟ್ಟಿ ಮುರಿದು ಕೊಟ್ಟಿತ್ತು ಎಂದು ತೋರಿಸಬಹುದು. ಲ್ಯಾರಿ ಹಾಮಾ ಮಾತಿಲ್ಲದೆ ಒಂದು ಸಂಚಿಕೆ ನಡೆಸಿದ ಹಾಗೆ, ಮನೆ ಹೊಕ್ಕ ದಂಡಿನ ನಾಲ್ಕು ಪುಟಗಳಿಗೆ ಮಾತು ಬೇಕಿಲ್ಲ. ಒಂದು ಚೌಕಟ್ಟಿಗೆ ಒಂದು ವಸ್ತು ಸಾಕು.

ಇಂಥ ಕೆಲಸಕ್ಕೆ ಒಳ್ಳೆಯ ಕೈಯಷ್ಟೇ ಸಾಲದು, ಓಡಾಟವೂ ಬೇಕು. ಮೇಲ್ಮುದ್ದೆಯ ಮಣ್ಣಿನ ಮನೆ, ಅಗಸಿ, ಹುಡೇವು, ಎರೆ ಹೊಲದ ಬಿರುಕು, ಘಟಪ್ರಭೆಯ ದಂಡೆ, ಇವನ್ನು ಬೆಂಗಳೂರಿನಲ್ಲಿ ಕೂತು ಊಹಿಸಿ ಬರೆದರೆ ಹಲಗಲಿಯೂ ಹಳೆ ಮೈಸೂರಿನ ಹೆಂಚಿನ ಮನೆಗಳ ಊರಾಗಿಬಿಡುತ್ತದೆ. ಭೂಪಟವೂ ಬೇಕು. ಆಗ ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಈಗ ಒಂದೇ ಹೆಸರಾಗಿ ಕೂಡಿಕೊಂಡಿರುವ ರಬಕವಿ-ಬನಹಟ್ಟಿಯಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. ಸಂಸ್ಥಾನದ ಗಡಿ ದಾಟಿ ಬಂದ ಬ್ರಿಟಿಷ್ ಕುದುರೆಗಳ ದಾರಿಯನ್ನು ಮಕ್ಕಳು ಬೆರಳಿಟ್ಟು ಹಿಂಬಾಲಿಸುವಂತಾಗಬೇಕು. ಬೇಟೆನಾಯಿಯೂ ಇರಲಿ. ಈ ಸೀಮೆಯ ಬೇಟೆಗಾರರ ಜೊತೆ ಓಡುತ್ತಿದ್ದ, ಮುಂದೆ ಘೋರ್ಪಡೆ ಅರಸರ ಆಸಕ್ತಿಯಿಂದ ಮುಧೋಳದ ಹೆಸರನ್ನೇ ಪಡೆದ ಆ ಸಪೂರ ಮೈಯ ನಾಯಿಗೆ ಮಕ್ಕಳ ಮನಸ್ಸು ಗೆಲ್ಲಲು ಒಂದು ಪುಟ ಸಾಕು.

ಬೀಳಗಿಯ ಪಾಲಿಗೆ ಇನ್ನೊಬ್ಬ ವೀರನಿದ್ದಾನೆ. ಜತ್ತ ಸೀಮೆಯ ಸಿಂಧೂರದಲ್ಲಿ ಹುಟ್ಟಿದ ಲಕ್ಷ್ಮಣ, ಉಳ್ಳವರ ಮನೆ ಲೂಟಿ ಮಾಡಿ ಬಡವರಿಗೆ ಹಂಚಿದನೆಂದು ಜನ ಹಾಡುವ ಲಕ್ಷ್ಮಣ, 1922ರಲ್ಲಿ ಬೀಳಗಿ ಸೀಮೆಯಲ್ಲಿ ಪೊಲೀಸರ ಗುಂಡಿಗೆ ಬಿದ್ದ. ಅವನು ಸತ್ತ ಮೇಲೆ ಕಂಪನಿ ನಾಟಕದವರು ಅವನನ್ನು ಸಾಯಗೊಡಲಿಲ್ಲ. ಸಿನಿಮಾದಲ್ಲಿ ಖಳನಾಗಿ ಹೆಸರಾದ ಸುಧೀರ್ ರಂಗದ ಮೇಲೆ ಸಿಂಧೂರ ಲಕ್ಷ್ಮಣನಾಗಿ ಜಾತ್ರೆ ಜಾತ್ರೆಯಲ್ಲಿ ಚಪ್ಪಾಳೆ ಗಿಟ್ಟಿಸಿದರು. ಲಕ್ಷ್ಮಣನ ಕಾಮಿಕ್ಸಿಗೆ ಬೀಳಗಿಯಲ್ಲಿ ಬೇರೊಂದು ಕಾರಣಕ್ಕೂ ಬೆಲೆಯಿದೆ. ಆಲಮಟ್ಟಿಯ ಹಿನ್ನೀರು ಬಂದಾಗ ಈ ತಾಲ್ಲೂಕಿನ ಎಷ್ಟೋ ಊರುಗಳು ಹಳೆಯ ಗುಡಿ, ಕಟ್ಟೆ, ಹೊಲಗಳನ್ನು ಕೃಷ್ಣೆಗೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದವು. ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದ ಆ ಓಣಿಗಳು, ಲಕ್ಷ್ಮಣ ಓಡಿಹೋಗುವ ದಾರಿಯಾಗಿ, ಮೊಮ್ಮಕ್ಕಳ ಕಣ್ಣಿಗೆ ಮೊದಲ ಬಾರಿ ಬೀಳಬಹುದು.

ಕನ್ನಡಕ್ಕೆ ಕಾಮಿಕ್ಸ್ ಹೊಸದೆಂದು ಯಾರೂ ಹಿಂಜರಿಯಬೇಕಿಲ್ಲ. ಇಂಗ್ಲಿಷಿನ ಅಮರ ಚಿತ್ರ ಕಥಾ ಮಾಲೆ 'ಕೃಷ್ಣ'ದಿಂದ ಶುರುವಾಗುತ್ತದೆ, ಅದರ ಸಂಖ್ಯೆ ಮಾತ್ರ 11. ಮೊದಲ ಹತ್ತು ಸಂಖ್ಯೆ ಕನ್ನಡದವು. 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ಗಾಗಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಆ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಮುಂದೆ ಮಾಲೆಯನ್ನು ದೇಶದ ಮನೆಮಾತಾಗಿಸಿದ ಅನಂತ ಪೈ ಕಾರ್ಕಳದವರು. ಆ ಮೊದಲ ಹತ್ತರಲ್ಲಿ ಇದ್ದದ್ದು ಪರದೇಶದ ಕಿನ್ನರಿ ಕತೆಗಳು ಎಂಬುದೊಂದೇ ಕೊರಗು. ದಾರಿ ಕನ್ನಡದ್ದು, ನಡೆದವರು ಮಾತ್ರ ದೂರದ ರಾಜಕುಮಾರಿಯರು.

ಚಿತ್ರ ಬರೆಯುವ ಕೈಗಳೂ ದೂರವಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಸೀರೆಯ ಸೆರಗಿನ ವಿನ್ಯಾಸ ಮೊದಲು ಹುಟ್ಟುವುದು ಗ್ರಾಫ್ ಹಾಳೆಯ ಚೌಕಗಳಲ್ಲಿ. ಒಂದು ಚೌಕ ತಪ್ಪಿದರೆ ಜಕಾರ್ಡಿನ ಕಾರ್ಡಿನಲ್ಲಿ ತೂತು ತಪ್ಪುತ್ತದೆ, ನವಿಲಿನ ಕುತ್ತಿಗೆ ಮುರಿಯುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ಹೇಳಬೇಕು ಎಂಬ ಲೆಕ್ಕ ಆ ಮನೆಗಳ ಮಕ್ಕಳ ಕಣ್ಣಿಗೆ ಹುಟ್ಟಿನಿಂದ ಬಂದಿರುತ್ತದೆ. ಕಾಮಿಕ್ಸಿನ ಪುಟವೂ ಆ ಲೆಕ್ಕದ್ದೇ. ಪವರ್‌ಲೂಮಿನ ಸದ್ದಿನ ನಡುವೆ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಗೀಚುವ ಹುಡುಗ ಹುಡುಗಿಯರಿಗೆ ಒಂದು ಬೇಸಿಗೆಯ ತರಬೇತಿ, ಒಬ್ಬ ಲಾವಣಿಕಾರನ ಸಹವಾಸ, ಅಚ್ಚಿನ ಖರ್ಚಿಗೆ ಒಂದಿಷ್ಟು ಹಣ ಸಿಕ್ಕರೆ, ಹಲಗಲಿಯ ಪುಸ್ತಕ ಈ ಸೀಮೆಯಲ್ಲೇ ಹುಟ್ಟೀತು.

ಉಳಿದದ್ದು ಭಾಷೆಯ ಪ್ರಶ್ನೆ. ಮಕ್ಕಳ ಪುಸ್ತಕವೆಂದ ಕೂಡಲೇ ಗ್ರಂಥದ ಕನ್ನಡ ಬೇಕೆನ್ನುವ ಮೇಷ್ಟರು, ಪ್ರಕಾಶಕರು ಇದ್ದೇ ಇರುತ್ತಾರೆ. ಅವರ ಕಾಳಜಿ ಸುಳ್ಳಲ್ಲ. ಬೇರೆ ಜಿಲ್ಲೆಯ ಮಕ್ಕಳಿಗೆ ತಿಳಿಯಬೇಕಲ್ಲ ಎಂಬುದು ಅವರ ಅಳುಕು. ಆದರೆ ಜಡಗ ತನ್ನ ಹೆಂಡತಿಗೆ 'ಮನೆಯಲ್ಲಿ ಜೋಳ ಇದೆಯೇ' ಎಂದು ಕೇಳಿದರೆ ಅವನು ಆ ಕ್ಷಣವೇ ಬೊಂಬೆಯಾಗುತ್ತಾನೆ. 'ಮನ್ಯಾಗ ಜ್ವಾಳ ಅದಾವೇನ' ಎಂದರೆ ಮುಧೋಳದ ಹುಡುಗಿ ತನ್ನ ಅಪ್ಪನ ದನಿ ಕೇಳುತ್ತಾಳೆ. ಬೇರೆ ಜಿಲ್ಲೆಗಳ ಮಾತಿಗೆ ಉತ್ತರ ಆಗಲೇ ಸಿಕ್ಕಿದೆ: ಲಾವಣಿ ಪಠ್ಯಕ್ಕೆ ಬಂದಾಗ ಅದರ ಆಡುಮಾತನ್ನು ಯಾರೂ ತಿದ್ದಲಿಲ್ಲ. ಕೋಲಾರದ ಹುಡುಗರೂ ಮಂಗಳೂರಿನ ಹುಡುಗಿಯರೂ ಈ ಸೀಮೆಯ 'ಎಣ್ಣಿ', 'ಬೆಣ್ಣಿ', 'ಸಕ್ಕರಿ'ಗಳನ್ನು ಹಾಗೆಯೇ ಓದಿ, ಅರ್ಥ ಮಾಡಿಕೊಂಡು, ಪರೀಕ್ಷೆಯಲ್ಲಿ ಉತ್ತರ ಬರೆದಿದ್ದಾರೆ.